ಡ್ರೋನ್ ಆರ್ಮ್ ಮಾಡುವ ಮುಂಚೆ, ಇಳಿಸಿದ ಮೇಲೆ

ನನ್ನ ಎಡಗೈ ತೋರುಬೆರಳಿನ ಮೇಲೆ ಅಡ್ಡಕ್ಕೆ ಒಂದು ಗುರುತಿದೆ, ಮೂರು ಹೊಲಿಗೆ ಬಿದ್ದ ಜಾಗ. ಡ್ರೋನ್ ಹಾರುವಾಗ ಆದದ್ದಲ್ಲ ಅದು. ಚೆನ್ನಾಗಿ ಇಳಿದು ನೆಲದ ಮೇಲೆ ಕೂತ ಮೇಲೆ ಆಗಿದ್ದು. ಥ್ರಾಟಲ್, ಅಂದರೆ ಮೋಟಾರಿನ ವೇಗ ಏರಿಸಿ ಇಳಿಸುವ ಸ್ಟಿಕ್, ಪೂರ್ತಿ ಕೆಳಗಿತ್ತು, ನಾಲ್ಕೂ ಮೋಟಾರ್ ನಿಧಾನಕ್ಕೆ ತಿರುಗುತ್ತಿದ್ದವು. ಇನ್ನೇನು ಆಯ್ತಲ್ಲ ಅಂತ ಡಿಸಾರ್ಮ್ ಮಾಡದೆ, ಅಂದರೆ ಮೋಟಾರ್ ನಿಲ್ಲಿಸಿ ಲಾಕ್ ಮಾಡದೆ, ಹತ್ತಿರ ಹೋಗಿ ಎತ್ತಿಕೊಳ್ಳಲು ಬಗ್ಗಿದೆ. ರಿಮೋಟ್ ಕೊರಳಿನ ಪಟ್ಟಿಯಲ್ಲಿ ನೇತಾಡುತ್ತಿತ್ತು. ಬಗ್ಗಿದಾಗ ಥ್ರಾಟಲ್ ಸ್ಟಿಕ್ ಅಂಗಿಗೆ ತಾಗಿ ಮೇಲಕ್ಕೆ ಜರುಗಿತು. ಅಷ್ಟೇ. ಕೈ ಹಿಂದಕ್ಕೆ ತೆಗೆಯಲೂ ಸಮಯ ಸಿಗಲಿಲ್ಲ.

ಅವತ್ತಿನಿಂದ ನಾನು ಹೊಸಬರಿಗೆ ಹಾರಿಸುವುದನ್ನು ಆಮೇಲೆ ಹೇಳಿಕೊಡುತ್ತೇನೆ, ಆರ್ಮ್ (ಆ ಲಾಕ್ ತೆಗೆದು ಮೋಟಾರ್ ತಿರುಗಲು ಬಿಡುವುದು) ಮತ್ತು ಡಿಸಾರ್ಮ್ ಮೊದಲು. ಬ್ಯಾಟರಿ ಸಿಕ್ಕಿಸಿದ ಕ್ಷಣದಿಂದ ಬ್ಯಾಟರಿ ಕಿತ್ತ ಕ್ಷಣದವರೆಗೆ ಮೋಟಾರಿನ ರೆಕ್ಕೆಗಳು (ಪ್ರೊಪೆಲ್ಲರ್) ತಿರುಗುತ್ತಲೇ ಇವೆ ಅಂದುಕೊಂಡು ನಡೆದುಕೊಳ್ಳಬೇಕು. ಕಣ್ಣಿಗೆ ನಿಂತಂತೆ ಕಂಡರೂ ಸರಿ.

ಇಲ್ಲಿ ಬರೆಯುವುದು ನಾನು ಹಾರಿಸುವ ಕ್ವಾಡ್, ಅಂದರೆ ನಾಲ್ಕು ಮೋಟಾರಿನ ಡ್ರೋನ್ ಬಗ್ಗೆ. ಎಫ್450 ಫ್ರೇಮ್, ಹಾರಾಟ ನಿಯಂತ್ರಿಸುವ ಪಿಕ್ಸ್‌ಹಾಕ್ ಬೋರ್ಡ್, ಅದರಲ್ಲಿ ಆರ್ಡುಪೈಲಟ್ ಸಾಫ್ಟ್‌ವೇರ್, 920 ಕೆವಿ ಮೋಟಾರ್, 10 ಇಂಚಿನ ಪ್ಲಾಸ್ಟಿಕ್ ರೆಕ್ಕೆ, 3ಎಸ್ (ಮೂರು ಸೆಲ್‌ನ) ಲಿಪೋ ಬ್ಯಾಟರಿ. ನಮ್ಮಲ್ಲಿ ಇಂಜಿನಿಯರಿಂಗ್ ಹುಡುಗರು ಪ್ರಾಜೆಕ್ಟಿಗೆ ಅಂತ ಜೋಡಿಸುವುದು ಹೆಚ್ಚಾಗಿ ಇದನ್ನೇ. ಕೆವಿ ಅಂದರೆ ಒಂದು ವೋಲ್ಟಿಗೆ ನಿಮಿಷಕ್ಕೆ ಎಷ್ಟು ಸುತ್ತು ಅನ್ನುವ ಲೆಕ್ಕ. 920ನ್ನು 11 ವೋಲ್ಟಿಗೆ ಗುಣಿಸಿ ನೋಡಿ, ರೆಕ್ಕೆ ಇಲ್ಲದೆ ಬರೀ ಮೋಟಾರ್ ತಿರುಗಿದರೆ ನಿಮಿಷಕ್ಕೆ 10,000 ಸುತ್ತು. ರೆಕ್ಕೆ ಹಾಕಿದರೆ ಕಡಿಮೆಯಾಗುತ್ತದೆ, ಆದರೆ ಬೆರಳಿಗೆ ಅದೇನೂ ಸಮಾಧಾನವಲ್ಲ.

ಮನೆಯಲ್ಲಿ, ರೆಕ್ಕೆ ಬಿಚ್ಚಿಟ್ಟು

ಮೇಜಿನ ಮೇಲೆ ಮಾಡುವ ಯಾವ ಕೆಲಸಕ್ಕೂ ರೆಕ್ಕೆ ಹಾಕಿರಬಾರದು. ಇಎಸ್‌ಸಿ (ಮೋಟಾರಿನ ವೇಗ ನಿಯಂತ್ರಿಸುವ ಸರ್ಕ್ಯೂಟ್) ಕ್ಯಾಲಿಬ್ರೇಷನ್, ಮೋಟಾರ್ ಟೆಸ್ಟ್, ರಿಮೋಟ್ ಕ್ಯಾಲಿಬ್ರೇಷನ್, ಏನೇ ಆಗಲಿ. "ಒಂದೇ ನಿಮಿಷದ ಕೆಲಸ, ಬಿಚ್ಚಿ ಮತ್ತೆ ಯಾರು ಹಾಕುತ್ತಾರೆ" ಅನ್ನಿಸುತ್ತದೆ ನೋಡಿ, ಆವಾಗಲೇ ಬಿಚ್ಚಬೇಕು.

ಮೋಟಾರ್ ಟೆಸ್ಟ್ ಬಿಡಲೇಬೇಡಿ. ಬೋರ್ಡನ್ನು ಕಂಪ್ಯೂಟರಿಗೆ ಜೋಡಿಸಿ ನೋಡುವ ಮಿಷನ್ ಪ್ಲ್ಯಾನರ್ ಸಾಫ್ಟ್‌ವೇರ್‌ನಲ್ಲಿ ಎ, ಬಿ, ಸಿ, ಡಿ ಅಂತ ನಾಲ್ಕು ಬಟನ್ ಇರುತ್ತವೆ. ಎ ಒತ್ತಿದರೆ ಮುಂದಿನ ಬಲಗಡೆಯ ಮೋಟಾರ್ ತಿರುಗಬೇಕು, ಅಲ್ಲಿಂದ ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ಬಿ, ಸಿ, ಡಿ. ಗೊಂದಲ ಆಗುವುದು ಇಲ್ಲೇ, ಯಾಕಂದರೆ ಬೋರ್ಡಿನ ಪಿನ್ ಸಂಖ್ಯೆ ಹೀಗೆ ಸುತ್ತಿಕೊಂಡು ಹೋಗುವುದಿಲ್ಲ. ಎಕ್ಸ್ ಆಕಾರದ ಕ್ವಾಡ್‌ನಲ್ಲಿ 1 ಮುಂದಿನ ಬಲ, 2 ಹಿಂದಿನ ಎಡ, 3 ಮುಂದಿನ ಎಡ, 4 ಹಿಂದಿನ ಬಲ. ಮೇಲಿನಿಂದ ನೋಡಿದರೆ 1 ಮತ್ತು 2 ಗಡಿಯಾರಕ್ಕೆ ವಿರುದ್ಧ ತಿರುಗಬೇಕು, 3 ಮತ್ತು 4 ಗಡಿಯಾರದಂತೆ. ಒಂದು ಮೋಟಾರ್ ಉಲ್ಟಾ ತಿರುಗಿದರೆ ಅದರ ಮೂರು ವೈರಿನಲ್ಲಿ ಯಾವುದಾದರೂ ಎರಡನ್ನು ಅದಲುಬದಲು ಮಾಡಿದರೆ ಸಾಕು. ಎರಡು ಮೋಟಾರಿನ ಸಿಗ್ನಲ್ ವೈರ್ ಅದಲುಬದಲಾಗಿದ್ದರೆ ಮಾತ್ರ ಡ್ರೋನ್ ಏಳುವ ಮೊದಲೇ ಮಗುಚಿಕೊಳ್ಳುತ್ತದೆ. ಮೊದಲ ಹಾರಾಟದಲ್ಲೇ ರೆಕ್ಕೆ ಮುರಿದುಕೊಂಡವರನ್ನು ಕೇಳಿ ನೋಡಿ, ಬಹಳ ಸಲ ಕಾರಣ ಇದೇ ಆಗಿರುತ್ತದೆ.

ಇನ್ನೊಂದು ಪರೀಕ್ಷೆ ಫೇಲ್‌ಸೇಫ್, ಅಂದರೆ ರಿಮೋಟ್ ಸಿಗ್ನಲ್ ಹೋದಾಗ ಡ್ರೋನ್ ತಾನೇ ಏನು ಮಾಡಬೇಕು ಅನ್ನುವ ಏರ್ಪಾಟು. ರೆಕ್ಕೆ ಇಲ್ಲದೆ ಆರ್ಮ್ ಮಾಡಿ, ಥ್ರಾಟಲ್ ಸ್ವಲ್ಪ ಏರಿಸಿ, ರಿಮೋಟ್ ಆಫ್ ಮಾಡಿ. ಪರದೆ ಮೇಲೆ ಫೇಲ್‌ಸೇಫ್ ಅಂತ ಬಂದು ಮೋಡ್ ಬದಲಾಗಬೇಕು. ಏನೂ ಆಗದೆ ಮೋಟಾರ್ ಹಾಗೇ ತಿರುಗುತ್ತಿದ್ದರೆ, ಸಿಗ್ನಲ್ ಹೋದ ದಿನ ನಿಮ್ಮ ಡ್ರೋನ್ ಕೊನೆಯ ಆಜ್ಞೆ ಹಿಡಿದುಕೊಂಡು ಹೋಗುತ್ತಲೇ ಇರುತ್ತದೆ. ಕಡಿಮೆ ಬೆಲೆಯ ಸೆಟ್‌ಗಳಲ್ಲಿ ರಿಸೀವರ್‌ಗೆ ಫೇಲ್‌ಸೇಫ್ ಅಂಕಿಯನ್ನು ನಾವೇ ಹಾಕಬೇಕಾಗುತ್ತದೆ, ಮಿಷನ್ ಪ್ಲ್ಯಾನರ್‌ನಲ್ಲಿ ಕಾಣುವ ಥ್ರಾಟಲ್ ಅಂಕಿ 975ಕ್ಕಿಂತ ಕೆಳಗೆ ಇಳಿಯುವ ಹಾಗೆ. ಕೆಲವು ರಿಮೋಟ್‌ಗಳು ರಿಸೀವರ್ ಆನ್ ಇದ್ದಾಗ ಆಫ್ ಆಗಲು ಒಪ್ಪುವುದೇ ಇಲ್ಲ. ಆಗ ರಿಮೋಟಿನ ಸೆಲ್ ಕಿತ್ತೇ ಪರೀಕ್ಷೆ ಮಾಡಬೇಕು, ಬೇರೆ ದಾರಿ ಇಲ್ಲ.

ಬ್ಯಾಟರಿ ಪ್ರತಿ ಸೆಲ್ 4.2 ವೋಲ್ಟ್ ಇರಬೇಕು, ಅಂದರೆ 3ಎಸ್‌ಗೆ 12.6. ಕೈಯಲ್ಲಿ ಹಿಡಿದು ಅದುಮಿ ನೋಡಿ. ಉಬ್ಬಿದ್ದರೆ ಅದು ಹಾರುವ ಬ್ಯಾಟರಿ ಅಲ್ಲ. ಜೇಬಿನಲ್ಲಿ ಹತ್ತಿಪ್ಪತ್ತು ರೂಪಾಯಿ ಉಳಿಸುವ ವಿಷಯ ಅಲ್ಲ ಇದು, ಲಿಪೋ ಹತ್ತಿಕೊಂಡರೆ ಆರಿಸುವುದು ಕಷ್ಟ.

ಜಾಗ

ನಾನು ಹಾರಿಸುವುದು ತಿಪಟೂರಿನ ಕಡೆ, ರಾಗಿ ಕೊಯ್ಲಾದ ಹೊಲದಲ್ಲಿ. ಸುತ್ತ ತೆಂಗಿನ ತೋಟ. ಆರ್ಡುಪೈಲಟ್‌ನಲ್ಲಿ ಆರ್‌ಟಿಎಲ್, ಅಂದರೆ ಹೊರಟ ಜಾಗಕ್ಕೆ ತಾನೇ ವಾಪಸ್ ಬರುವ ಮೋಡ್, ಡೀಫಾಲ್ಟ್ ಆಗಿ 15 ಮೀಟರ್ ಎತ್ತರಕ್ಕೆ ಏರಿ ನೇರವಾಗಿ ಮನೆ ಕಡೆ ಹೊರಡುತ್ತದೆ. ಹಳೆ ತೆಂಗಿನ ಮರ 20 ಮೀಟರ್ ದಾಟಿರುತ್ತದೆ. ಲೆಕ್ಕ ಸರಳ ಅಲ್ವಾ? ಕಾಪಾಡಲೆಂದೇ ಇರುವ ಮೋಡ್ ಡ್ರೋನನ್ನು ಗರಿಗಳ ಮಧ್ಯೆ ನುಗ್ಗಿಸುತ್ತದೆ. ನಾನು ಅದನ್ನು 35 ಮೀಟರ್‌ಗೆ ಇಟ್ಟಿದ್ದೇನೆ. ನಿಮ್ಮ ಕಡೆ ಅತಿ ಎತ್ತರದ ಮರ, ಮೊಬೈಲ್ ಟವರ್, ಕರೆಂಟ್ ಲೈನ್ ಯಾವುದು ಅಂತ ನೋಡಿ, ಅದಕ್ಕಿಂತ 10 ಮೀಟರ್ ಜಾಸ್ತಿ ಇಡಿ.

ಊರಿನಲ್ಲಿ ಇರುವವರು ತಾರಸಿ ಮೇಲಿಂದ ಹಾರಿಸಲು ಹೋಗುತ್ತಾರೆ. ಬೇಡ. ಆರ್‌ಸಿಸಿ ಒಳಗೆ ತುಂಬಾ ಕಬ್ಬಿಣದ ಸರಳು ಇರುತ್ತದೆ, ಕಂಪಾಸ್ ಅಲ್ಲೇ ದಾರಿ ತಪ್ಪುತ್ತದೆ. ಹಾಗೆ ತಪ್ಪಿದ ಕಂಪಾಸ್ ಇಟ್ಟುಕೊಂಡು ಲಾಯ್ಟರ್, ಅಂದರೆ ಜಿಪಿಎಸ್ ನೋಡಿಕೊಂಡು ಒಂದೇ ಜಾಗದಲ್ಲಿ ನಿಲ್ಲುವ ಮೋಡ್‌ನಲ್ಲಿ ಬಿಟ್ಟರೆ ಡ್ರೋನ್ ಒಂದು ಕಡೆ ನಿಲ್ಲದೆ ಸುತ್ತು ಹೊಡೆಯಲು ಶುರು ಮಾಡುತ್ತದೆ, ಆ ಸುತ್ತು ಸಣ್ಣದರಿಂದ ದೊಡ್ಡದಾಗುತ್ತಾ ಹೋಗುತ್ತದೆ. ಕಾರಿನ ಬಾನೆಟ್ ಮೇಲೆ, ಬೋರ್‌ವೆಲ್ ಕೇಸಿಂಗ್ ಪೈಪ್ ಪಕ್ಕ ಇಡುವುದೂ ಇದೇ ಕಥೆ.

ಕಾನೂನಿನ ಮಾತು ಒಂದು ನಾಲ್ಕು ಸಾಲು. 2021ರ ಆಗಸ್ಟ್ 25ಕ್ಕೆ ಬಂದ ಡ್ರೋನ್ ನಿಯಮಗಳ ಪ್ರಕಾರ 250 ಗ್ರಾಂವರೆಗೆ ನ್ಯಾನೋ, ಅಲ್ಲಿಂದ 2 ಕೆಜಿವರೆಗೆ ಮೈಕ್ರೋ. ನನ್ನ ಕ್ವಾಡ್ ಬ್ಯಾಟರಿ ಸೇರಿ ಒಂದೂಕಾಲು ಕೆಜಿ, ಹಾಗಾಗಿ ಮೈಕ್ರೋ. ಗ್ರೀನ್ ಜೋನ್‌ನಲ್ಲಿ (ಅನುಮತಿ ಕೇಳದೆ ಹಾರಿಸಬಹುದಾದ ಜಾಗ) 400 ಅಡಿ, ಅಂದರೆ 120 ಮೀಟರ್ ಮೇಲೆ ಹೋಗಬಾರದು. ವಿಮಾನ ನಿಲ್ದಾಣದಿಂದ 8ರಿಂದ 12 ಕಿಲೋಮೀಟರ್ ಒಳಗಿದ್ದರೆ ಅದು 200 ಅಡಿಗೆ ಇಳಿಯುತ್ತದೆ, ಇನ್ನೂ ಹತ್ತಿರ ಆದರೆ ಅನುಮತಿ ಬೇಕು. ಬೆಂಗಳೂರಿನವರು ಎಚ್‌ಎಎಲ್, ಯಲಹಂಕ, ಜಕ್ಕೂರು, ದೇವನಹಳ್ಳಿ ಎಲ್ಲ ನೆನಪಿಟ್ಟುಕೊಂಡು ಮೊದಲು ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ನಿಮ್ಮ ಮೈದಾನದ ಬಣ್ಣ ನೋಡಿ. ಡ್ರೋನಿನ ನೋಂದಣಿಯ ಕೆಲಸವನ್ನೂ ಹಾರಿಸುವ ಮೊದಲೇ ಮುಗಿಸಿಕೊಳ್ಳಿ.

ಹವೆಗೆ ಬಂದರೆ, ಬೆಳಿಗ್ಗೆ ಏಳರಿಂದ ಎಂಟೂವರೆ ನನ್ನ ಸಮಯ. ಆಷಾಢದಲ್ಲಿ ಗಾಳಿಪಟ ಹಾರಿಸಲು ಚೆನ್ನ, ಕಲಿಯುವವರ ಡ್ರೋನಿಗೆ ಅಲ್ಲ. ತೆಂಗಿನ ಗರಿಯನ್ನೇ ನೋಡಿ. ತುದಿ ಮಾತ್ರ ಅಲ್ಲಾಡುತ್ತಿದ್ದರೆ ಹಾರಿಸಬಹುದು, ಇಡೀ ಗರಿ ಒಂದೇ ಕಡೆ ಬಾಗಿ ನಿಂತಿದ್ದರೆ ಮನೆಗೆ ಹೋಗಿ. ನೆಲದಲ್ಲಿ ಗಾಳಿ ಇಲ್ಲ ಅನ್ನಿಸಿದರೂ ಮರದ ಮೇಲೆ ಇರುತ್ತದೆ. ಹದ್ದು ಸುತ್ತುತ್ತಿದ್ದರೆ ನಾನಂತೂ ಕಾಯುತ್ತೇನೆ.

ಡ್ರೋನ್ ಇಡಲು ಒಂದು ಪ್ಲೈವುಡ್ ಹಲಗೆ ಒಯ್ಯಿರಿ, ಎರಡು ಅಡಿ ಚೌಕ ಸಾಕು. ಗೋಣಿಚೀಲ, ಟಾರ್ಪಾಲು ಬೇಡ. ರೆಕ್ಕೆಯ ಗಾಳಿಗೆ ಅಂಚು ಎದ್ದು ನೇರ ರೆಕ್ಕೆಗೇ ಸಿಕ್ಕಿಕೊಳ್ಳುತ್ತದೆ. ಸುಮ್ನೆ ನೆಲದ ಮೇಲೆ ಇಟ್ಟರೆ ಧೂಳು, ಕೂಳೆ, ಸಣ್ಣ ಕಲ್ಲು ಎಲ್ಲ ಮೋಟಾರಿನೊಳಗೆ.

ಆರ್ಮ್

ರೆಕ್ಕೆ ಹಾಕುವುದು ಹೊಲದಲ್ಲಿ, ಬ್ಯಾಟರಿ ಸಿಕ್ಕಿಸುವ ಮುಂಚೆ. ಅಕ್ಷರ ಬರೆದ ಮುಖ ಮೇಲೆ, ಎತ್ತರದ ಅಂಚು ತಿರುಗುವ ದಿಕ್ಕಿಗೆ. ನಟ್ ಬಿಗಿ ಮಾಡಿ. ಪ್ರತಿ ರೆಕ್ಕೆಯ ಅಂಚಿನ ಮೇಲೆ ಉಗುರು ಎಳೆಯಿರಿ. ಉಗುರು ಎಲ್ಲಾದರೂ ಸಿಕ್ಕಿಕೊಂಡರೆ ಅಲ್ಲಿ ಸೀಳು ಇದೆ, ಆ ರೆಕ್ಕೆ ಬಿಸಾಕಿ. ಒಂದು ಜೊತೆ ರೆಕ್ಕೆ ನೂರಿನ್ನೂರು ರೂಪಾಯಿ, ಗಾಳಿಯಲ್ಲಿ ಮುರಿದರೆ ಹೋಗುವುದು ಇಡೀ ಡ್ರೋನ್.

ಮೊದಲು ರಿಮೋಟ್ ಆನ್, ಥ್ರಾಟಲ್ ಕೆಳಗೆ, ಎಲ್ಲ ಸ್ವಿಚ್ ಮೇಲೆ. ಆಮೇಲೆ ಡ್ರೋನಿಗೆ ಬ್ಯಾಟರಿ. ಕೊನೆಯಲ್ಲಿ ಇದು ಉಲ್ಟಾ, ಮೊದಲು ಬ್ಯಾಟರಿ ಕೀಳುವುದು, ಆಮೇಲೆ ರಿಮೋಟ್ ಆಫ್. ಡ್ರೋನಿಗೆ ಜೀವ ಇರುವಷ್ಟು ಹೊತ್ತೂ ರಿಮೋಟಿಗೆ ಜೀವ ಇರಬೇಕು. ಬ್ಯಾಟರಿ ಸಿಕ್ಕಿಸಿದ ಮೇಲೆ ಕೆಲವು ಸೆಕೆಂಡ್ ಡ್ರೋನನ್ನು ಮುಟ್ಟಬೇಡಿ, ಅಲ್ಲಾಡಿಸಬೇಡಿ. ಜೈರೋಗಳು (ತಿರುಗುವಿಕೆ ಅಳೆಯುವ ಸೆನ್ಸಾರ್) ತಮ್ಮ ಸೊನ್ನೆ ಎಲ್ಲಿ ಅಂತ ಹುಡುಕಿಕೊಳ್ಳುತ್ತಿರುತ್ತವೆ.

ಈಗ ಬೋರ್ಡಿನ ದೀಪ ನೋಡಿ. ಹಳದಿ ಎರಡೆರಡು ಸಲ ಮಿನುಗಿದರೆ ಯಾವುದೋ ಪ್ರೀ-ಆರ್ಮ್ ಚೆಕ್, ಅಂದರೆ ಆರ್ಮ್ ಮಾಡುವ ಮುಂಚೆ ಬೋರ್ಡ್ ತಾನೇ ಮಾಡುವ ಪರೀಕ್ಷೆ, ಫೇಲ್ ಆಗಿದೆ. ನೀಲಿ ಮಿನುಗಿದರೆ ಆರ್ಮ್‌ಗೆ ತಯಾರು, ಆದರೆ ಜಿಪಿಎಸ್ ಸಿಕ್ಕಿಲ್ಲ. ಹಸಿರು ಮಿನುಗಿದರೆ ಜಿಪಿಎಸ್ ಕೂಡ ಸಿಕ್ಕಿದೆ. ನಾನು ಹಸಿರಿಗೇ ಕಾಯುತ್ತೇನೆ. ಬೋರ್ಡ್ "ಮನೆ" ಎಲ್ಲಿ ಅಂತ ಗುರುತು ಹಾಕಿಕೊಳ್ಳುವುದು ಆರ್ಮ್ ಆಗುವ ಹೊತ್ತಿಗೆ. ಆಗ ಜಿಪಿಎಸ್ ಸರಿ ಇಲ್ಲದಿದ್ದರೆ ವಾಪಸ್ ಬರುವ ಜಾಗವೂ ಸರಿ ಇರುವುದಿಲ್ಲ. ಫೋನಿನಲ್ಲಿ ಟೆಲಿಮೆಟ್ರಿ (ಡ್ರೋನ್ ಕಳಿಸುವ ಮಾಹಿತಿ) ನೋಡುತ್ತಿದ್ದರೆ ಉಪಗ್ರಹ 10ರ ಮೇಲೆ, ಎಚ್‌ಡಾಪ್ (ಜಿಪಿಎಸ್ ಎಷ್ಟು ನಿಖರ ಅನ್ನುವ ಅಂಕಿ, ಕಡಿಮೆ ಇದ್ದಷ್ಟೂ ಒಳ್ಳೆಯದು) 1.4ಕ್ಕಿಂತ ಕಡಿಮೆ ಬರುವವರೆಗೆ ತಾಳಿ.

ಹಳದಿ ದೀಪ ಹೋಗದಿದ್ದಾಗ ಸ್ನೇಹಿತರು ಒಂದು ಉಪಾಯ ಹೇಳಿಕೊಡುತ್ತಾರೆ, ಆರ್ಮಿಂಗ್ ಚೆಕ್ ಪ್ಯಾರಾಮೀಟರ್ ಸೊನ್ನೆ ಮಾಡಿಬಿಡಿ ಅಂತ. ದಯವಿಟ್ಟು ಮಾಡಬೇಡಿ. ದೀಪ ಸುಮ್ಮನಾಗುತ್ತದೆ, ತೊಂದರೆ ಹಾಗೇ ಇರುತ್ತದೆ. ಮಿಷನ್ ಪ್ಲ್ಯಾನರ್‌ಗೆ ಕನೆಕ್ಟ್ ಮಾಡಿದರೆ ಕಾರಣವನ್ನು ಅದೇ ಬರೆದು ತೋರಿಸುತ್ತದೆ. ಕಂಪಾಸ್ ಕ್ಯಾಲಿಬ್ರೇಟ್ ಆಗಿಲ್ಲ, ಜಿಪಿಎಸ್ ಫಿಕ್ಸ್ ಬೇಕು, ರಿಮೋಟ್ ಕ್ಯಾಲಿಬ್ರೇಟ್ ಆಗಿಲ್ಲ, ಹೀಗೆ. ಐದು ನಿಮಿಷದ ರಿಪೇರಿ.

ದೀಪ ಹಸಿರಾದ ಮೇಲೆ ಸೇಫ್ಟಿ ಸ್ವಿಚ್, ಅಂದರೆ ಡ್ರೋನಿನ ಮೇಲಿರುವ ಕೆಂಪು ದೀಪದ ಗುಂಡಿ, ಒಂದೆರಡು ಸೆಕೆಂಡ್ ಒತ್ತಿ ಹಿಡಿಯಿರಿ. ಮಿನುಗುತ್ತಿದ್ದ ಕೆಂಪು ಈಗ ಬಿಡದೆ ಉರಿಯುತ್ತದೆ. ಕೈ ರೆಕ್ಕೆಯ ಮೇಲಿಂದ ಹಾಯದ ಹಾಗೆ, ಹಿಂದಿನ ಎರಡು ತೋಳುಗಳ ನಡುವಿನಿಂದ ಕೈ ಹಾಕುವುದನ್ನು ರೂಢಿ ಮಾಡಿಕೊಳ್ಳಿ. ನಂತರ ಹಿಂದೆ ಸರಿಯಿರಿ. ಎಣಿಸಿಕೊಂಡು ಹತ್ತು ಹೆಜ್ಜೆ. ಡ್ರೋನಿನ ಮೂತಿ ನಿಮ್ಮಿಂದ ಆಚೆಗೆ, ಬಾಲ ನಿಮ್ಮ ಕಡೆಗೆ, ಗಾಳಿ ಎದುರಿನಿಂದ. ಹೀಗಿದ್ದರೆ ನಿಮ್ಮ ಬಲವೇ ಅದರ ಬಲ. ನೋಡಲು ಬಂದ ಮಕ್ಕಳು ನಿಮ್ಮ ಹಿಂದೆ, ಪಕ್ಕದಲ್ಲೂ ಅಲ್ಲ. ಹಳ್ಳಿಯಲ್ಲಿ ಡ್ರೋನ್ ಸದ್ದು ಕೇಳಿದರೆ ಎಲ್ಲಿಂದಲೋ ಹತ್ತು ಮಕ್ಕಳು ಬಂದೇ ಬರುತ್ತಾರೆ. ನಾನು ಒಬ್ಬ ದೊಡ್ಡ ಹುಡುಗನನ್ನು ಕರೆದು "ಇವರನ್ನು ನೋಡಿಕೊಳ್ಳೋದು ನಿನ್ನ ಕೆಲಸ" ಅಂತ ಒಪ್ಪಿಸುತ್ತೇನೆ, ಅವನು ನನಗಿಂತ ಚೆನ್ನಾಗಿ ನೋಡಿಕೊಳ್ಳುತ್ತಾನೆ. ದನ, ನಾಯಿ ಹತ್ತಿರ ಇದ್ದರೆ ಅವು ಹೋಗುವವರೆಗೆ ಕಾಯಿರಿ.

ಮೋಡ್ ಸ್ಟೆಬಿಲೈಜ್, ಅಂದರೆ ಬೋರ್ಡ್ ಡ್ರೋನನ್ನು ಸಮವಾಗಿ ಮಾತ್ರ ಇಡುತ್ತದೆ, ಎತ್ತರವೂ ಜಾಗವೂ ನಿಮ್ಮ ಕೈಯಲ್ಲಿ. "ಆರ್ಮಿಂಗ್" ಅಂತ ಜೋರಾಗಿ ಕೂಗಿ ಹೇಳಿ, ಒಬ್ಬರೇ ಇದ್ದರೂ ಹೇಳಿ. ಎಡಗಡೆ ಸ್ಟಿಕ್ ಕೆಳಗೆ ಮತ್ತು ಬಲಕ್ಕೆ, ಮೂಲೆಗೆ ಒತ್ತಿ ಐದು ಸೆಕೆಂಡ್ ಹಿಡಿಯಿರಿ. ಉದ್ದ ಬೀಪ್ ಬರುತ್ತದೆ, ರೆಕ್ಕೆಗಳು ನಿಧಾನಕ್ಕೆ ತಿರುಗಲು ಶುರು. ತಕ್ಷಣ ಬಿಡಿ. 15 ಸೆಕೆಂಡ್ ಹಿಡಿದುಕೊಂಡೇ ಇದ್ದರೆ ಆಟೋಟ್ರಿಮ್ ಅನ್ನುವ ಬೇರೆಯೇ ಕೆಲಸ ಶುರುವಾಗುತ್ತದೆ. ಆರ್ಮ್ ಆದ ಮೇಲೆ ಥ್ರಾಟಲ್ ಏರಿಸದೆ 10 ಸೆಕೆಂಡ್ ಬಿಟ್ಟರೆ ಅದು ತಾನೇ ಡಿಸಾರ್ಮ್ ಆಗುತ್ತದೆ. ಆ ಹತ್ತು ಸೆಕೆಂಡಿನ ಮೇಲೆ ಭರವಸೆ ಇಡಬೇಡಿ. ನನ್ನ ಬೆರಳು ಕುಯ್ದುಕೊಂಡದ್ದು ಆ ಹತ್ತು ಸೆಕೆಂಡಿನ ಒಳಗೇ.

ಅಂಗಡಿಯಿಂದ ತಂದ ಕ್ಯಾಮೆರಾ ಡ್ರೋನ್‌ಗಳಲ್ಲಿ ಹೆಚ್ಚಾಗಿ ಎರಡೂ ಸ್ಟಿಕ್ ಕೆಳಗೆ ಒಳಮುಖಕ್ಕೆ ಎಳೆಯಬೇಕು. ರೇಸಿಂಗ್ ಕ್ವಾಡ್‌ಗಳಲ್ಲಿ ಒಂದು ಸ್ವಿಚ್ ತಟ್ಟಿದರೆ ಆರ್ಮ್. ಸ್ವಿಚ್ ಇಟ್ಟುಕೊಂಡವರು ಜಾಸ್ತಿ ಹುಷಾರಾಗಿರಬೇಕು, ಬ್ಯಾಗಿಗೆ ತಾಗಿದರೂ ಅದು ಬೀಳುತ್ತದೆ.

ಏಳುವುದು

ಇಲ್ಲಿ ಹೊಸಬರು ಭಯದಿಂದಲೇ ತಪ್ಪು ಮಾಡುತ್ತಾರೆ. ಥ್ರಾಟಲ್ ಚೂರು ಏರಿಸಿ, ಡ್ರೋನ್ ಹಗುರಾಗಿ ಕಾಲು ಕುಣಿಸುತ್ತಿರುವಾಗ ಅಲ್ಲೇ ನಿಲ್ಲಿಸಿ ಯೋಚಿಸುತ್ತಾರೆ. ಆ ಅರ್ಧಂಬರ್ಧ ಸ್ಥಿತಿಯೇ ಅಪಾಯ. ಒಂದು ಕಾಲು ಹುಲ್ಲಿಗೆ ಸಿಕ್ಕಿದ್ದರೆ, ನೆಲ ಸ್ವಲ್ಪ ಓರೆ ಇದ್ದರೆ, ಬೋರ್ಡ್ ಅದನ್ನು ಸರಿ ಮಾಡಲು ಒಂದು ಕಡೆಯ ಮೋಟಾರಿಗೆ ಇನ್ನೂ ಇನ್ನೂ ಬಲ ಕೊಡುತ್ತಾ ಹೋಗುತ್ತದೆ. ನೆಲ ಬಿಡುವುದಿಲ್ಲ, ಬಲ ಕೂಡುತ್ತಾ ಹೋಗುತ್ತದೆ, ಕೊನೆಗೆ ಒಮ್ಮೆಲೇ ಮಗುಚುತ್ತದೆ. ಜೊತೆಗೆ ನೆಲದ ಹತ್ತಿರ ರೆಕ್ಕೆಯ ಗಾಳಿ ಅಡಿಯಲ್ಲೇ ತುಂಬಿಕೊಂಡು ಡ್ರೋನ್ ಜಾರುವ ಹಾಗೆ ಆಡುತ್ತದೆ. ಆದ್ದರಿಂದ ಥ್ರಾಟಲನ್ನು ಕಿತ್ತೆಸೆಯುವ ಹಾಗೆ ಅಲ್ಲ, ಆದರೆ ಗಟ್ಟಿ ಮನಸ್ಸಿನಿಂದ, ತಡೆಯದೆ ಏರಿಸಿ. ಎದೆಯ ಎತ್ತರ ದಾಟಿಸಿ, ಎರಡು ಮೂರು ಮೀಟರ್‌ಗೆ ತಂದು ನಿಲ್ಲಿಸಿ.

ಏಳುವ ಮೊದಲೇ ಒಂದು ಕಡೆ ವಾಲುತ್ತಿದೆ ಅನ್ನಿಸಿದರೆ ಸ್ಟಿಕ್‌ನಿಂದ ಸರಿ ಮಾಡಲು ಹೋಗಬೇಡಿ. ಥ್ರಾಟಲ್ ಕೆಳಗೆ, ಡಿಸಾರ್ಮ್, ಬ್ಯಾಟರಿ ಕಿತ್ತು ರೆಕ್ಕೆ ಮತ್ತು ಮೋಟಾರ್ ಮತ್ತೆ ನೋಡಿ.

ಎರಡು ಮೂರು ಮೀಟರ್‌ನಲ್ಲಿ ಅರ್ಧ ನಿಮಿಷ ನಿಲ್ಲಿಸಿ. ಬಲಕ್ಕೆ ಒತ್ತಿದರೆ ಬಲಕ್ಕೆ ಹೋಗುತ್ತಿದೆಯಾ, ಸದ್ದು ಒಂದೇ ಸಮ ಇದೆಯಾ, ನಡುಗುತ್ತಿದೆಯಾ ನೋಡಿ. ಕಿವಿಯೇ ಇಲ್ಲಿ ಒಳ್ಳೆಯ ಮೀಟರ್, ಸೀಳು ಬಿಟ್ಟ ರೆಕ್ಕೆ ಬೇರೆಯೇ ರಾಗ ಎಳೆಯುತ್ತದೆ. ಎಲ್ಲ ಸರಿ ಇದ್ದರೆ ಲಾಯ್ಟರ್‌ಗೆ ಹಾಕಿ, ಆದರೆ ಥ್ರಾಟಲ್ ಸ್ಟಿಕ್ ಮಧ್ಯದಲ್ಲಿ ಇಟ್ಟುಕೊಂಡು. ಲಾಯ್ಟರ್‌ನಲ್ಲಿ ಮಧ್ಯ ಅಂದರೆ "ಇದೇ ಎತ್ತರದಲ್ಲಿ ಇರು", ಕೆಳಗೆ ಅಂದರೆ "ಇಳಿ". ಸುತ್ತು ಹೊಡೆಯಲು ಶುರು ಮಾಡಿದರೆ ತಕ್ಷಣ ಸ್ಟೆಬಿಲೈಜ್‌ಗೆ ವಾಪಸ್ ಬಂದು ಇಳಿಸಿ.

ಟೈಮರ್ ಹಾಕಿಕೊಳ್ಳಿ. ನನ್ನ 5200 ಎಂಎಎಚ್ ಬ್ಯಾಟರಿಗೆ 10 ನಿಮಿಷ. ಇನ್ನೂ ಎರಡು ನಿಮಿಷ ಬರುತ್ತದೆ ಅಂತ ಗೊತ್ತು, ಆ ಎರಡು ನಿಮಿಷ ಮೊದಲ ಸಲ ಇಳಿಸಲು ಆಗದಿದ್ದಾಗ ಎರಡನೇ ಸಲಕ್ಕೆ. ಹಾರುತ್ತಿರುವಾಗ ಸೆಲ್ಲಿಗೆ 3.5 ವೋಲ್ಟ್, ಅಂದರೆ ಒಟ್ಟು 10.5, ಬಂತು ಅಂದರೆ ಮಾತಿಲ್ಲದೆ ಇಳಿಸಬೇಕು.

ಇಳಿಯುವುದು

ಹೊರಟ ಹಾಗೇ ಇಳಿಸಿ, ಬಾಲ ನಿಮ್ಮ ಕಡೆಗೆ, ಮೂತಿ ಗಾಳಿಗೆ. ಎತ್ತರದಿಂದ ನೆಟ್ಟಗೆ ಜೋರಾಗಿ ಕೆಳಗೆ ಬಿಡಬೇಡಿ. ತಾನೇ ಕೆಳಗೆ ತಳ್ಳಿದ ಗಾಳಿಯೊಳಗೆ ಡ್ರೋನ್ ಮುಳುಗುತ್ತದೆ, ಆಗ ರೆಕ್ಕೆ ಎಷ್ಟು ತಿರುಗಿದರೂ ಹಿಡಿತ ಸಿಗುವುದಿಲ್ಲ, ಡ್ರೋನ್ ತೂರಾಡುತ್ತಾ ಬೀಳುತ್ತದೆ. ಹಾಗಾದರೆ ಥ್ರಾಟಲ್ ಒತ್ತುವುದಕ್ಕಿಂತ ಮುಂದಕ್ಕೆ ಓಡಿಸಿ, ಹೊಸ ಗಾಳಿ ಸಿಕ್ಕ ತಕ್ಷಣ ಹಿಡಿದುಕೊಳ್ಳುತ್ತದೆ. ಗಾಳಿ ಪೂರ್ತಿ ನಿಂತ ಬೆಳಿಗ್ಗೆಗಳಲ್ಲೇ ಇದು ಜಾಸ್ತಿ. ಸ್ವಲ್ಪ ಮುಂದೆ ಸಾಗುತ್ತಾ, ಓರೆಯಾಗಿ ಇಳಿಸುವುದು ಒಳ್ಳೆಯದು.

ಎರಡು ಮೀಟರ್‌ಗೆ ಬಂದಾಗ ಒಮ್ಮೆ ನಿಲ್ಲಿಸಿ, ಹಲಗೆ ಎಲ್ಲಿದೆ, ಯಾರಾದರೂ ಓಡಿ ಬರುತ್ತಿದ್ದಾರಾ ನೋಡಿ. ನಂತರ ನಿಧಾನ, ಸೆಕೆಂಡಿಗೆ ಅರ್ಧ ಮೀಟರ್. ಲ್ಯಾಂಡ್ ಮೋಡ್ ಕೂಡ ಕೊನೆಯ 10 ಮೀಟರ್ ಇಳಿಯುವುದು ಈ ವೇಗದಲ್ಲೇ. ಒಂದು ಗೇಣು ಉಳಿದಾಗ ತೇಲುತ್ತದೆ, ಕೂರುವುದಿಲ್ಲ ಅನ್ನಿಸುತ್ತದೆ. ಅಲ್ಲಿ ಆಡಿಸುತ್ತಾ ಕೂರದೆ ಥ್ರಾಟಲ್ ಇಳಿಸಿ ಕೂರಿಸಿಬಿಡಿ. ಪಕ್ಕಕ್ಕೆ ಜಾರುತ್ತಿದ್ದರೆ ಮಾತ್ರ ಕೂರಿಸಬೇಡಿ. ಜಾರುತ್ತಾ ಕೂತರೆ ಕಾಲು ಸಿಕ್ಕಿ ಮಗುಚುತ್ತದೆ. ಮತ್ತೆ ಮೇಲೆತ್ತಿ, ಇನ್ನೊಂದು ಸಲ ಬನ್ನಿ.

ಕೂತ ಮೇಲೆ ಥ್ರಾಟಲ್ ಪೂರ್ತಿ ಕೆಳಗೆ, ಹಿಡಿದೇ ಇರಿ. ಲಾಯ್ಟರ್‌ನಲ್ಲಿ ಇಳಿದಿದ್ದರೆ ಬೋರ್ಡಿಗೆ ತಾನು ನೆಲದ ಮೇಲಿದ್ದೇನೆ ಅಂತ ಖಾತ್ರಿಯಾಗಲು ಒಂದೆರಡು ಸೆಕೆಂಡ್ ಬೇಕು, ಅಲ್ಲಿಯವರೆಗೆ ಡಿಸಾರ್ಮ್ ಒಪ್ಪುವುದಿಲ್ಲ. ನಂತರ ಎಡ ಸ್ಟಿಕ್ ಕೆಳಗೆ ಮತ್ತು ಎಡಕ್ಕೆ, ಎರಡು ಸೆಕೆಂಡ್. ರೆಕ್ಕೆ ನಾಲ್ಕೂ ನಿಂತದ್ದನ್ನು ಕಣ್ಣಿಂದ ನೋಡಿ. ಆಮೇಲೆ ಕೊರಳಿನ ರಿಮೋಟ್ ತೆಗೆದು ನೆಲದ ಮೇಲೆ ಇಡಿ, ಮಲಗಿಸಿ ಇಡಿ, ಸ್ಟಿಕ್‌ಗೆ ಏನೂ ತಾಗದ ಹಾಗೆ. ಅದಾದ ಮೇಲೆ ಡ್ರೋನ್ ಹತ್ತಿರ ಹೋಗಿ ಸೇಫ್ಟಿ ಸ್ವಿಚ್, ಬ್ಯಾಟರಿ. ಬ್ಯಾಟರಿ ಕೈಗೆ ಬಂದ ಮೇಲಷ್ಟೇ ಡ್ರೋನ್ ಎತ್ತುವುದು. ಮಗುಚಿ ಬಿದ್ದಾಗಲೂ ಇದೇ ಕ್ರಮ. ಓಡಿ ಹೋಗಿ ಎತ್ತಬೇಕು ಅನ್ನಿಸುತ್ತದೆ, ಮುಖ ಕೆಳಗಾದ ಡ್ರೋನಿನ ಮೋಟಾರ್ ಇನ್ನೂ ಒದ್ದಾಡುತ್ತಿರುತ್ತದೆ. ಡಿಸಾರ್ಮ್ ಮೊದಲು. ಕೈಯಲ್ಲಿ ಹಿಡಿದು ಇಳಿಸುವ ವಿಡಿಯೋ ನೋಡಿ 10 ಇಂಚಿನ ರೆಕ್ಕೆಯ ಡ್ರೋನಿಗೆ ಕೈ ಚಾಚಬೇಡಿ.

ಬಿಸಿ ಬ್ಯಾಟರಿ ಆರುವವರೆಗೆ ಚಾರ್ಜಿಗೆ ಹಾಕಬೇಡಿ. ವಾರಗಟ್ಟಲೆ ಹಾರಿಸುವುದಿಲ್ಲ ಅಂದರೆ ಸೆಲ್ಲಿಗೆ 3.8 ವೋಲ್ಟಿನಲ್ಲಿ ಇಟ್ಟುಬಿಡಿ. ಬ್ಯಾಟರಿ ಕಿತ್ತ ತಕ್ಷಣ ಇನ್ನೊಂದು ಕೆಲಸ ಮಾಡಿ, ನಾಲ್ಕೂ ಮೋಟಾರನ್ನು ಒಂದೊಂದಾಗಿ ಬೆರಳಿನ ಹಿಂಬದಿಯಿಂದ ಮುಟ್ಟಿ. ನಾಲ್ಕೂ ಒಂದೇ ಬಿಸಿ ಇರಬೇಕು. ಒಂದು ಮಾತ್ರ ಕೈ ಇಡಲಾಗದಷ್ಟು ಸುಡುತ್ತಿದ್ದರೆ ಅದರ ಬೇರಿಂಗೋ ಶಾಫ್ಟೋ ರೆಕ್ಕೆಯೋ ಕೆಟ್ಟಿದೆ. ಆ ತೋಳಿಗೆ ಒಂದು ಟೇಪ್ ತುಂಡು ಅಂಟಿಸಿ ಗುರುತು ಮಾಡಿ, ಮನೆಗೆ ಹೋಗಿ ಬಿಚ್ಚಿ ನೋಡುವವರೆಗೆ ಎರಡನೇ ಬ್ಯಾಟರಿ ಹಾಕಬೇಡಿ.